ಏಳನೇ ಮಹಡಿಯ ಮೆಣಸಿನಕಾಯಿ ಹೊಗೆ

ಅಬು ಹಲೀಫಾ, ಲಿಫ್ಟಿನ ಎದುರು

ಶುಕ್ರವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನಾನು ಅಕ್ಕನ ಮನೆಯ ಬಾಗಿಲಾಚೆ, ಲಿಫ್ಟಿನ ಎದುರು ಕುಕ್ಕರಗಾಲಲ್ಲಿ ಕೂತು, ಸ್ಟೀಲ್ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅದರ ಮೇಲೆ ಏಳು ಒಣಮೆಣಸಿನಕಾಯಿ ಸುರಿದೆ. ಅಲ್ಲಿಯವರೆಗೆ ನನ್ನ ಕುವೈತ್ ಪ್ರವಾಸ ಚೆನ್ನಾಗಿಯೇ ಇತ್ತು.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಖೋಖೋ, ಥ್ರೋಬಾಲ್ ಹೇಳಿಕೊಡುವ ದೈಹಿಕ ಶಿಕ್ಷಣದ ಮೇಡಂ. ಅಕ್ಕ ಸುಮಾ ಹತ್ತು ವರ್ಷದಿಂದ ಕುವೈತಿನಲ್ಲಿದ್ದಾಳೆ. ಭಾವ ತೈಲ ಕಂಪನಿಯೊಂದಕ್ಕೆ ಪೈಪು ಜೋಡಿಸುವ ಗುತ್ತಿಗೆದಾರರಲ್ಲಿ ಎಂಜಿನಿಯರ್. ಸಮುದ್ರದ ದಂಡೆಗೆ ಹತ್ತಿರ, ಅಬು ಹಲೀಫಾದ ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಅವರ ಮನೆ. ಈ ಊರಿನಲ್ಲಿ ನನಗೆ ಮೊದಲು ಹಿಡಿಸಿದ್ದು ಅಂಗಡಿಗೆ ಹೋಗುವ ಕ್ರಮ. ಯಾರೂ ಅಂಗಡಿಗೆ ಹೋಗುವುದೇ ಇಲ್ಲ. ಕಾರನ್ನು ಬಾಗಿಲಿಗೆ ತಂದು ಹಾರನ್ ಹೊಡೆಯುತ್ತಾರೆ, ಒಳಗಿನಿಂದ ಆಳು ಓಡಿ ಬಂದು ಏನು ಬೇಕೆಂದು ಕೇಳಿ ಕಿಟಕಿಯಲ್ಲೇ ಕೊಟ್ಟು ಹೋಗುತ್ತಾನೆ. ನಮ್ಮ ಊರಿನಲ್ಲಿ ಹೀಗೆ ಹಾರನ್ ಹೊಡೆದರೆ ಅಂಗಡಿಯ ಶೆಟ್ಟರು ಕಲ್ಲು ಹುಡುಕುತ್ತಾರೆ.

ದೃಷ್ಟಿಯ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗಳು ಅನ್ವಿತಾ ಹಿಂದಿನ ವಾರ ರಾಜ್ಯೋತ್ಸವದಲ್ಲಿ ನೃತ್ಯ ಮಾಡಿದ್ದಳು. ಕುವೈತಿನ ಕನ್ನಡದ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಅವಳ ಫೋಟೋ ಓಡಾಡಿತು. ಮರುದಿನದಿಂದ ಮಗು ಸಪ್ಪಗಾಯಿತು, ದೋಸೆ ಬೇಡ ಅಂದಿತು. ತುಮಕೂರಿನಿಂದ ಅಮ್ಮ ವಿಡಿಯೋ ಕರೆಯಲ್ಲಿ ಮಗುವಿನ ಮುಖ ನೋಡಿ, ಇಷ್ಟು ಜನರ ಕಣ್ಣು ಬಿದ್ದ ಮೇಲೆ ಇನ್ನೇನಾಗುತ್ತೆ ಅಂದರು. ನಾನು ದೃಷ್ಟಿ ನಂಬುವವಳಲ್ಲ. ಆದರೆ ಅಮ್ಮನ ಮಾತು ಮೀರುವವಳೂ ಅಲ್ಲ. ಅಮ್ಮ ಫೋನಿನೊಳಗೆ ಕೂತು ಉಸ್ತುವಾರಿ ವಹಿಸಿದರು. ನಾಯಿ ಕಣ್ಣು, ನರಿ ಕಣ್ಣು, ಊರ ಕಣ್ಣು ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದಾಯಿತು. ಮಗು ಕನ್ನಡ ಪೂರ್ತಿ ಅರ್ಥ ಮಾಡಿಕೊಳ್ಳುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಚಿಕ್ಕಮ್ಮಾ, ದಿಸ್ ಈಸ್ ನಾಟ್ ಸೈನ್ಸ್" ಅಂದಳು.

ಉಳಿದದ್ದು ಸುಡುವ ಕೆಲಸ. ಅಕ್ಕನ ಒಲೆ ಕರೆಂಟಿನದು, ಉರಿಯೇ ಇಲ್ಲ. ಮನೆಯೊಳಗೆ ಬೇಡ, ಪರದೆಗೆಲ್ಲ ವಾಸನೆ ಹಿಡಿಯುತ್ತದೆ ಎಂದು ಅಕ್ಕ. ಹೊಸ್ತಿಲ ಹೊರಗೇ ಸುಡಬೇಕು ಎಂದು ಅಮ್ಮ. ಲಿಫ್ಟಿನ ಜಾಗದಲ್ಲಿ ಹೊಗೆ ಏನೂ ಹೊಸದಲ್ಲ ಅಂತ ನನ್ನ ಲೆಕ್ಕ. ಅರಬರ ಮನೆಗಳಲ್ಲಿ ಸಂಜೆಯಾದರೆ ಬಖೂರ್ ಎಂಬ ಸುಗಂಧದ ಚೆಕ್ಕೆಯನ್ನು ಕೆಂಡದ ಮೇಲೆ ಹಾಕುತ್ತಾರೆ. ಆ ಘಮ ಇಡೀ ಕಟ್ಟಡ ಹತ್ತಿ ಇಳಿಯುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಅವರ ಹೊಗೆಗೆ ಇಲ್ಲದ ತೊಂದರೆ ನಮ್ಮ ಹೊಗೆಗೆ ಯಾಕೆ?

ಚಾವಣಿಯಲ್ಲಿ ಬಿಳಿ ಬಟ್ಟಲೊಂದನ್ನು ಬೋರಲು ಹಾಕಿದ ಹಾಗೆ ಇದ್ದ ಸಾಧನವನ್ನು ನಾನು ನೋಡಿಯೇ ಇರಲಿಲ್ಲ. ನಾನು ಕೂತಿದ್ದು ಸರಿಯಾಗಿ ಅದರ ಕೆಳಗೆ.

ಸುಟ್ಟ ಮೆಣಸಿನಕಾಯಿ ಘಾಟು ಬಾರದಿದ್ದರೆ ದೃಷ್ಟಿ ಆಗಿತ್ತು ಎಂದು ಅರ್ಥ, ಘಾಟು ಬಂದರೆ ಆಗಿರಲಿಲ್ಲ. ಆ ಲೆಕ್ಕದಲ್ಲಿ ಅನ್ವಿತಾಗೆ ಯಾರ ಕಣ್ಣೂ ಬಿದ್ದಿರಲಿಲ್ಲ. ಮೂರನೇ ಸೀನಿಗೆ ಇಡೀ ಕಟ್ಟಡ ಕಿರುಚತೊಡಗಿತು. ಗೋಡೆಗಳಿಂದ ಸೈರನ್ನು, ಅರಬ್ಬಿಯಲ್ಲಿ ಧ್ವನಿಮುದ್ರಿತ ಆದೇಶ, ಬಾಗಿಲುಗಳು ಪಟಪಟನೆ ತೆರೆದುಕೊಳ್ಳುವ ಸದ್ದು. ಲಿಫ್ಟು ತಾನಾಗಿ ನಿಂತಿತು. ಫೋನಿನೊಳಗಿಂದ ಅಮ್ಮ, ಏನೇ ಅದು ಮಂಗಳಾರತಿನಾ ಎಂದು ಕೇಳುತ್ತಿದ್ದರು.

ತಳಮಹಡಿಯ ಪಾರ್ಕಿಂಗ್

ಹದಿನಾಲ್ಕು ಮಹಡಿಯ ಜನ ಒಂದೇ ಮೆಟ್ಟಿಲಲ್ಲಿ ಇಳಿಯುವುದನ್ನು ನೋಡಬೇಕು. ನೈಟಿಯಲ್ಲಿದ್ದವರು, ಪಾಸ್‌ಪೋರ್ಟಿನ ಚೀಲ ತಬ್ಬಿಕೊಂಡವರು, ಬಿರಿಯಾನಿ ಪಾತ್ರೆಯನ್ನು ಬಿಟ್ಟು ಬರಲಾಗದೆ ಹೊತ್ತುಕೊಂಡೇ ಬಂದ ಹೈದರಾಬಾದಿನ ಒಬ್ಬರು. ಎದುರಿನ ಬಂಗಲೆಯ ಕುವೈತಿ ಅಜ್ಜಿ ಯಾರೂ ಕೇಳದೆಯೇ ಆಳುಗಳ ಕೈಲಿ ನೀರಿನ ಬಾಟಲಿಗಳ ಡಬ್ಬಗಳನ್ನು ಕಳಿಸಿದರು. ಬೀದಿಯಲ್ಲಿ ಯಾರಿಗೆ ಸಂಕಟವಾದರೂ ಮೊದಲು ನೀರು ಕೊಡುವುದು ಇಲ್ಲಿಯ ರೂಢಿ.

ನಾನು ಕೆಳಗಿಳಿಯುವುದು ತಡವಾಯಿತು. ಸಾಕ್ಷ್ಯ ನಾಶ ಮಾಡುತ್ತಿದ್ದೆ, ಅಂದರೆ ತಟ್ಟೆಗೆ ನೀರು ಸುರಿಯುತ್ತಿದ್ದೆ. ಅಕ್ಕ ಮಗುವಿನೊಂದಿಗೆ ಮುಂದೆ ಹೋಗಿದ್ದಳು. ನಾಲ್ಕನೇ ಮಹಡಿಗೆ ಬಂದಾಗ ನನಗಿಂತ ಹತ್ತು ಮೆಟ್ಟಿಲು ಕೆಳಗೆ ಕಟ್ಟಡದ ಕಾವಲುಗಾರ ಕಂಡ. ಎತ್ತರದ ಆಫ್ರಿಕನ್ ಯುವಕ. ದಿನಾ ಬೆಳಿಗ್ಗೆ ಶಾಲೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸುವವನು. ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಅಳುತ್ತಿದ್ದ ಒಂದು ಗುಂಡು ಹುಡುಗನನ್ನು ಅವನು ಎತ್ತಿ ಹೆಗಲಿಗೆ ಹಾಕಿಕೊಂಡ. ಕೆಳಗೆ ಮುಂಬಾಗಿಲಿನಲ್ಲಿ ಜನ ಕಿಕ್ಕಿರಿದಿದ್ದರು. ಹಾಗಾಗಿ ಅವನು ಪಕ್ಕದ ಬಯಲಿಗೆ ತೆರೆದುಕೊಳ್ಳುವ ಪಾರ್ಕಿಂಗಿನ ದಾರಿ ಹಿಡಿದು ಓಡಿದ. ನಾನೂ ಅವನ ಹಿಂದೆಯೇ ಇಳಿದೆ.

ಅಷ್ಟರಲ್ಲಿ ಹೊರಗೆ ಐದನೇ ಮಹಡಿಯ ಸವಿತಾ ತನ್ನ ಮಗ ಎಲ್ಲಿ ಎಂದು ಕೂಗತೊಡಗಿದ್ದಳು. ದಾವಣಗೆರೆಯವಳು. ಕಂಕುಳಲ್ಲಿ ಕೈಗೂಸು, ಅದನ್ನು ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ದೊಡ್ಡವನು ಕೈ ಬಿಡಿಸಿಕೊಂಡಿದ್ದ. ಯಾರೋ ಪಾರ್ಕಿಂಗ್ ಕಡೆ ಬೆರಳು ತೋರಿಸಿದರು. ಅಳುವ ಮಗು, ಓಡುವ ಕಪ್ಪು ಮನುಷ್ಯ. ನೋಡಿದವರಿಗೆ ಇಷ್ಟೇ ಸಾಕಾಯಿತು.

ಶುಕ್ರವಾರದ ಕ್ರಿಕೆಟ್ ಮುಗಿಸಿ ಬಂದಿದ್ದ ಗಂಡಸರ ಗುಂಪು ಅವನನ್ನು ಸುತ್ತುವರಿಯಿತು. ನಮ್ಮ ದೇಶದವರೇ. ನನಗೆ ಅರ್ಥವಾಗುವ ಎಲ್ಲ ಭಾಷೆಗಳಲ್ಲೂ ಬೈಗುಳ ಬಿತ್ತು. ಮಗುವನ್ನು ಕಿತ್ತುಕೊಂಡರು. ಒಬ್ಬ ಕೆನ್ನೆಗೆ ಹೊಡೆದ, ಇನ್ನೊಬ್ಬ ಬೆನ್ನಿಗೆ. ಅವನು ಹೊಡೆಯಲಿಲ್ಲ, ಎರಡೂ ಕೈ ಮೇಲೆತ್ತಿ ನಿಂತ. ನಾನು ಏನನ್ನು ಯೋಚಿಸಿ ನಡುವೆ ನುಗ್ಗಿದೆನೋ ಇಂದಿಗೂ ಗೊತ್ತಿಲ್ಲ. ಎರಡು ಬೆರಳು ಬಾಯಿಗಿಟ್ಟು ಮೈದಾನದ ಸೀಟಿ ಹೊಡೆದೆ. ಅದೇ ಹೊತ್ತಿಗೆ ಹಿಂದಿನಿಂದ ಬೀಸಿ ಬಂದ ಬ್ಯಾಟು ನನ್ನ ಬಲಗಿವಿಯ ಪಕ್ಕದಲ್ಲಿ ಹಾದು ಕಾರಿನ ಕನ್ನಡಿಗೆ ಬಡಿಯಿತು.

ಆ ಗಾಜಿನ ಸದ್ದು. ಅದನ್ನು ವಿವರಿಸಲು ಬಹಳ ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ. ಒಂದು ಗೇಣು ಈಚೆ ಬಂದಿದ್ದರೆ ಈ ಕಥನ ಬರೆಯುವವರು ಬೇರೆ ಯಾರಾದರೂ ಇರುತ್ತಿದ್ದರು. ಬ್ಯಾಟು ಹಿಡಿದ ಹುಡುಗ ನನ್ನ ಮುಖ ನೋಡಿ, "ಸಾರಿ ಮೇಡಂ, ನಿಮಗಲ್ಲ" ಎಂದ. ಕನ್ನಡದಲ್ಲಿ.

ಸವಿತಾ ಓಡಿ ಬಂದು ಮಗನನ್ನು ತಬ್ಬಿಕೊಂಡಳು. ಹುಡುಗ ಕಾವಲುಗಾರನ ಕಡೆಗೇ ಕೈ ಚಾಚಿ ಅಳುತ್ತಿದ್ದ. ಪೊಲೀಸರು ಬಂದರು, ಮಗುವಿನ ತಂದೆ ದೂರೇನೂ ಇಲ್ಲ ಎಂದ, ಅವರು ಹೊರಟರು. ಅಗ್ನಿಶಾಮಕದ ಅಧಿಕಾರಿ ಏಳನೇ ಮಹಡಿಯಲ್ಲಿ ಗಾಳಿ ಮೂಸಿ ನಾಲ್ಕು ಸಲ ಸೀನಿದ. ಭಾವ ಮೆಲ್ಲಗೆ, ಅಡುಗೆ ಸೀದಿತ್ತು ಅಂದರು. ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಮುದುಕ ನಮ್ಮನ್ನು ಉರಿಗಣ್ಣಿನಿಂದ ನೋಡಿ, "ಖಲಾಸ್" ಎಂದ. ಮುಗಿಯಿತು ಎಂದು ಅದರ ಅರ್ಥ. ಮುಗಿದಿರಲಿಲ್ಲ.

ಬ್ನೇದ್ ಅಲ್ ಗಾರ್

ಆ ರಾತ್ರಿ ಕಣ್ಣು ಮುಚ್ಚಿದರೆ ಕನ್ನಡಿ ಒಡೆಯುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ತುಮಕೂರಿನಿಂದ ಚಿಕ್ಕಪ್ಪ ಒಂದು ವಿಡಿಯೋ ಕಳಿಸಿ, ಕುವೈತಿನಲ್ಲಿ ಮಕ್ಕಳ ಕಳ್ಳರಂತೆ, ಹುಷಾರು ಎಂದು ಬರೆದಿದ್ದರು. ಪಕ್ಕದ ಕಟ್ಟಡದ ಯಾವುದೋ ಕಿಟಕಿಯಿಂದ ತೆಗೆದ ಕೆಲವೇ ಕ್ಷಣಗಳ ತುಣುಕು. ಓಡುವವನು, ಅಳುವ ಮಗು, ಮೇಲೆ ಬೀಳುವ ಗುಂಪು. ಸೀಟಿಗೆ ಮುಂಚೆಯೇ ಕತ್ತರಿಸಿದ್ದರು. ಕೆಳಗೆ ಕನ್ನಡದಲ್ಲಿ ಒಕ್ಕಣೆ: ಕಾವಲುಗಾರನೇ ಬೇಕೆಂದು ಅಲಾರಂ ಒತ್ತಿ, ಗಲಾಟೆ ಎಬ್ಬಿಸಿ, ಮಗುವನ್ನು ಕದ್ದು ಓಡುವಾಗ ಸಿಕ್ಕಿಬಿದ್ದ.

ಅಲಾರಂ ಒತ್ತಿದವಳು ಹಾಸಿಗೆಯ ಮೇಲೆ ಕೂತು ಅದನ್ನು ಓದಿದಳು.

ಅಂದು ಬ್ನೇದ್ ಅಲ್ ಗಾರಿನಲ್ಲಿ ಅಕ್ಕನ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದದ ಸಪಾದ ಥೇಟು ನಮ್ಮೂರಿನದೇ, ಬಾಳೆಹಣ್ಣು ಮಾತ್ರ ಫಿಲಿಪ್ಪೀನಿನದು. ಅಲ್ಲಿಗೆ ಬರುವಷ್ಟರಲ್ಲಿ ಸುದ್ದಿ ಬೆಳೆದುಬಿಟ್ಟಿತ್ತು. ಒಬ್ಬರ ಫೋನಿನಲ್ಲಿ ಘಟನೆ ಸಾಲ್ಮಿಯಾದಲ್ಲಿ ನಡೆದಿತ್ತು. ಇನ್ನೊಬ್ಬರ ಪ್ರಕಾರ ಮಕ್ಕಳು ಇಬ್ಬರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬ ಯಜಮಾನರು ಕೋಸಂಬರಿ ತಿನ್ನುತ್ತಾ, ಆ ಜನಾನೇ ಹಾಗೆ ಅಂದರು. ಯಾವ ಜನ ಎಂದು ಕೇಳಿದೆ. ಗೊತ್ತಲ್ಲಮ್ಮ ಅಂದರು. ಅವನ ಹೆಸರೇನು ಎಂದು ಕೇಳಿದರೆ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮೂರು ವಾರದಿಂದ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದವನು.

ನಮ್ಮ ಊರುಗಳಲ್ಲಿ ಇಂಥದ್ದೇ ಗಾಳಿಸುದ್ದಿ ಹಬ್ಬಿ, ಕಂಬಳಿ ಮಾರಲು ಬಂದವರನ್ನು ಕಂಬಕ್ಕೆ ಕಟ್ಟಿ ಬಡಿದದ್ದನ್ನು ಪತ್ರಿಕೆಯಲ್ಲಿ ಓದಿ ತಲೆ ಚಚ್ಚಿಕೊಂಡವಳು ನಾನು. ವಿದ್ಯೆ ಇಲ್ಲದವರು ಎಂದುಕೊಂಡಿದ್ದೆ. ಇಲ್ಲಿ ಕೋಣೆಯ ತುಂಬ ಪದವಿಗಳಿದ್ದವು.

ಸೋಮವಾರ ಭಾವ ಸುದ್ದಿ ತಂದರು. ಕಾವಲಿನ ಕಂಪನಿ ಅವನನ್ನು ಕೆಲಸದಿಂದ ನಿಲ್ಲಿಸಿದೆ. ವಿಡಿಯೋ ನೋಡಿದ ಬೇರೆ ಕಟ್ಟಡದವರು, ಅವನನ್ನು ನಮ್ಮ ಕಡೆ ಹಾಕಬೇಡಿ ಎನ್ನುತ್ತಿದ್ದಾರೆ. ವಾರದ ಕೊನೆಗೆ ಅವನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದು ಮಾಡಿ ಊರಿಗೆ ಕಳಿಸುತ್ತಾರಂತೆ. ಮಕ್ಕಳ ಕಳ್ಳ ಎಂಬ ಹೆಸರು ಹೊತ್ತು ಹೋಗಬೇಕು.

ರುಮೈಥಿಯಾ

ಹಮೀದಾಕ ಮಂಗಳೂರಿನ ಬ್ಯಾರಿ. ರುಮೈಥಿಯಾದಲ್ಲಿ ಅವರದೊಂದು ದಿನಸಿ ಅಂಗಡಿ. ಅಕ್ಕನಿಗೆ ಕುಚ್ಚಲಕ್ಕಿ, ತೆಂಗಿನಕಾಯಿ, ಹಪ್ಪಳ ಅಲ್ಲಿಂದಲೇ. ಅವರು ಅಕ್ಕನಿಗೆ ಫೋನ್ ಮಾಡಿ, ಆ ಗಲಾಟೆಯಾದದ್ದು ನಿಮ್ಮ ಬಿಲ್ಡಿಂಗಿನಲ್ಲಿಯಾ, ನಮ್ಮ ಅಂಗಡಿಗೆ ಬರುವ ಒಂದು ಹುಡುಗಿ ಸಾಕ್ಷಿ ಹುಡುಕುತ್ತಿದ್ದಾಳೆ ಎಂದು ಕೇಳಿದರು. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು.

ಆ ಹುಡುಗಿಯ ಹೆಸರು ವಂಜಿರು. ಕೀನ್ಯಾದವಳು. ಹತ್ತಿರದ ಬಂಗಲೆಯೊಂದರಲ್ಲಿ ವಯಸ್ಸಾದ ಅಮ್ಮನವರನ್ನು ನೋಡಿಕೊಳ್ಳುವ ಕೆಲಸ. ಸಂಜೆ ಬ್ರೆಡ್ಡು ಮೊಸರು ಕೊಳ್ಳಲು ಬರುವ ಸಮಯವೇ ಅವಳ ಕಚೇರಿಯ ವೇಳೆ. ಅಕ್ಕಿ ಮೂಟೆಗಳ ನಡುವೆ ನಿಂತು ಮಾತಾಡಿದೆವು. ಹೊರಗೆ ಕಾರುಗಳು ಹಾರನ್ ಹೊಡೆಯುತ್ತಿದ್ದವು, ಹಮೀದಾಕ ನಡುನಡುವೆ ಓಡುತ್ತಿದ್ದರು.

ನನ್ನ ಕಣ್ಣಿಗೆ ಚಳವಳಿ ಅಂದರೆ ಮೆರವಣಿಗೆ, ಫಲಕ, ಡಿಸಿ ಕಚೇರಿಯ ಮುಂದೆ ಧಿಕ್ಕಾರ. ಅವಳು ನಕ್ಕಳು. ಇಂಗ್ಲಿಷಿಗೆ ಹಿಂದಿ ಬೆರೆಸಿ ಅವಳು ಹೇಳಿದ್ದು ಇದು: ದೂರದ ದೇಶಗಳಲ್ಲಿ ಕಪ್ಪು ಜನ ಬೀದಿಗಿಳಿದಾಗ ನಾವು ಇಲ್ಲಿ ಅಡುಗೆಮನೆಯಲ್ಲಿ ಫೋನಿನಲ್ಲಿ ನೋಡುತ್ತಿದ್ದೆವು. ನಾವು ಬೀದಿಗಿಳಿಯುವ ಹಾಗಿಲ್ಲ, ಹೊರಗಿನವರಿಗೆ ಇಲ್ಲಿ ಮೆರವಣಿಗೆ ಇಲ್ಲ. "ನಮಗೆ ಇರೋ ಬೀದಿ ಇಷ್ಟೇ" ಎಂದು ಅಂಗೈಯಗಲದ ಫೋನು ಎತ್ತಿ ತೋರಿಸಿದಳು.

ಆ ಬೀದಿಯಲ್ಲಿ ನಡೆಯಲು ಅವರಿಗೆ ಅವರದೇ ಶಿಸ್ತು ಇತ್ತು, ನನ್ನ ಖೋಖೋ ತಂಡದಲ್ಲಿ ಇಲ್ಲದಂಥದ್ದು. ಇಲ್ಲಿ ದುಡಿಯುವ ಆಫ್ರಿಕದವರಿಗಾಗಿ ಜಾಲತಾಣದಲ್ಲಿ ಅವರದೊಂದು ಪುಟ, ಅದರ ಕೀಲಿ ಕುವೈತಿನಲ್ಲಿ ಯಾರ ಬಳಿಯೂ ಇಲ್ಲ. ನೈರೋಬಿಯಲ್ಲಿರುವ ಗೆಳತಿಯರು ನಡೆಸುತ್ತಾರೆ, ಇಲ್ಲಿಯವರು ಸುದ್ದಿ ಮಾತ್ರ ಕಳಿಸುತ್ತಾರೆ. ಯಾರ ಮುಖವನ್ನೂ ತೋರಿಸುವುದಿಲ್ಲ. ಸಂಬಂಧಪಟ್ಟವರನ್ನು ಕೇಳದೆ ಒಂದು ಅಕ್ಷರ ಹಾಕುವುದಿಲ್ಲ. ಹೊಡೆತದ ವಿಡಿಯೋವನ್ನು, ಖಂಡಿಸುವುದಕ್ಕೂ ಸಹ, ಹಂಚುವುದಿಲ್ಲ. ಯಾಕೆ ಎಂದು ಕೇಳಿದೆ. ಪ್ರತಿ ಸಲ ಹಂಚಿದಾಗಲೂ ಅವನಿಗೆ ಇನ್ನೊಂದು ಏಟು ಬೀಳುತ್ತದೆ ಅಂದಳು.

ಕಾವಲುಗಾರನ ಹೆಸರನ್ನು ಅವಳೇ ಹೇಳಿದ್ದು. ಒಕೆಲೊ. ಯುಗಾಂಡಾದವನು. ಅವನ ಹೆಸರು ಹಾಕಲು ಅವನ ಒಪ್ಪಿಗೆ ಕೇಳಿಯಾಗಿತ್ತು. ಅವರ ಪುಟದಲ್ಲಿ ಇಂಗ್ಲಿಷಿನಲ್ಲಿ, ಸ್ವಾಹಿಲಿಯಲ್ಲಿ, ಅರಬ್ಬಿಯಲ್ಲಿ ಬರಹಗಳು ಬಂದಿದ್ದವು. ಸಾವಿರಾರು ಜನ ಓದಿದ್ದರು. ಅದರಿಂದ ಏನೂ ಆಗಿರಲಿಲ್ಲ.

"ಸುಳ್ಳು ಓಡ್ತಿರೋದು ನಿಮ್ಮ ಭಾಷೇಲಿ" ಎಂದಳು ವಂಜಿರು. "ನಿಮ್ಮ ಗುಂಪುಗಳಿಗೆ ನಮಗೆ ಬಾಗಿಲಿಲ್ಲ. ನಿಮಗೆ ಇದೆ."

ಹೊಡೆದವರ ಹೆಸರು ಹೇಳಲೇ ಎಂದೆ. ನನಗೆ ಆ ಬ್ಯಾಟಿನ ಹುಡುಗನ ಮನೆ ಸಂಖ್ಯೆ ಸಹ ಗೊತ್ತಾಗಿತ್ತು, ಒಳಗೆ ಕುದಿಯುತ್ತಿತ್ತು. ಅವಳು ಬೇಡವೆಂದಳು. ಹೆಸರು ಹೇಳಿದರೆ ಕಾನೂನಿನ ತೊಡಕು, ಜೊತೆಗೆ ಮಾತು ಆ ಹುಡುಗನ ಸುತ್ತಲೇ ಸುತ್ತುತ್ತದೆ, ಒಕೆಲೊ ಮರೆತುಹೋಗುತ್ತಾನೆ. ನೀನು ಕಂಡದ್ದು, ನೀನು ಮಾಡಿದ್ದು, ಅಷ್ಟನ್ನೇ ಹೇಳು. ನಾನು ಮಾಡಿದ್ದೇನು ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೆಣಸಿನಕಾಯಿಯ ಕಥೆ ಹೇಳಿದೆ. ಅವಳು ಬ್ರೆಡ್ಡಿನ ಪೊಟ್ಟಣವನ್ನು ಮುಖಕ್ಕೆ ಒತ್ತಿಕೊಂಡು ನಕ್ಕ ನಗುವಿಗೆ ಹಮೀದಾಕ ಹೊರಗಿನಿಂದ ಓಡಿ ಬಂದರು. ವಿಷಯ ತಿಳಿದು ಅವರು, "ಎಂತ ಮಾರಾಯ್ರೆ, ಒಂದು ಲಿಂಬೆಹಣ್ಣು ಕೇಳಿದ್ರೆ ನಾನೇ ಕೊಡ್ತಿದ್ದೆ. ಅದಕ್ಕೆ ಹೊಗೆ ಇಲ್ಲ" ಅಂದರು.

ಮತ್ತೆ ಅಬು ಹಲೀಫಾ

ಭಾವ ಸಿಟ್ಟಿನ ಮನುಷ್ಯರಲ್ಲ. ಆದರೆ ಅಂದು, ನಿಜವನ್ನು ಕನ್ನಡದ ಗುಂಪುಗಳಲ್ಲಿ ಹೇಳಿಬಿಡುತ್ತೇನೆ ಎಂದು ನಾನು ಅಂದಾಗ, ಊಟದ ತಟ್ಟೆ ದೂಡಿದರು. ನೀನು ಇನ್ನೆರಡು ವಾರಕ್ಕೆ ವಿಮಾನ ಹತ್ತುತ್ತೀಯ, ನಾವು ಇಲ್ಲಿರಬೇಕು. ಅಲಾರಂಗೆ ಕಾರಣ ನಮ್ಮ ಮನೆ ಎಂದು ಊರಿಗೆಲ್ಲ ಸಾರಿದರೆ ಕಟ್ಟಡದ ಮಾಲೀಕರು ಮನೆ ಖಾಲಿ ಮಾಡಿಸಬಹುದು, ಕಂಪನಿಗೆ ಬರೆಯಬಹುದು. ನನ್ನ ಇಕಾಮಾ ಕಂಪನಿಯ ಕೈಯಲ್ಲಿದೆ. ಮೊದಲೇ ನಾನು ಅಡುಗೆ ಸೀದಿತ್ತು ಅಂತ ಸುಳ್ಳು ಹೇಳಿ ಕೂತಿದ್ದೇನೆ. ಇದರಲ್ಲಿ ಒಂದೂ ಉತ್ಪ್ರೇಕ್ಷೆಯ ಮಾತಿರಲಿಲ್ಲ. ಪರವೂರಿನಲ್ಲಿ ಬಾಳುವವರ ಭಯ ಪ್ರವಾಸಿಗೆ ತಿಳಿಯುವುದಿಲ್ಲ, ಪ್ರವಾಸಿಯ ಧೈರ್ಯ ಬಹಳ ಅಗ್ಗ.

ಮಾತಾಡಿದವಳು ಅಕ್ಕ. ಸಾರಿನ ಸೌಟು ಕೈಯಲ್ಲೇ ಇತ್ತು. "ರೀ, ಆವತ್ತು ಮೆಟ್ಟಲಲ್ಲಿ ಸಿಕ್ಕಿದ್ದು ಸವಿತನ ಮಗ. ನಮ್ಮ ಅನ್ವಿತಾ ಆಗಿದ್ರೆ?"

ಭಾವ ದೂಡಿದ್ದ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಮೊದ್ಲು ನಾನೇ ಹೋಗಿ ಮಾಲೀಕರಿಗೆ ಹೇಳ್ತೀನಿ. ಅವರು ಬೇರೆಯವರಿಂದ ಕೇಳಬಾರದು. ಆಮೇಲೆ ನೀನು ಹಾಕು" ಅಂದರು.

ಮರುದಿನ ಕೆಲಸ ಮುಗಿಸಿ ಅವರು ನನ್ನನ್ನೂ ಕರೆದುಕೊಂಡು ಹೋದರು. ಮಾಲೀಕರು ಬಿಳಿ ನಿಲುವಂಗಿಯ ವೃದ್ಧರು. ಗೋಡೆಗುಂಟ ದಿಂಬುಗಳಿದ್ದ ಉದ್ದನೆಯ ಕೋಣೆಯಲ್ಲಿ ಗೆಳೆಯರೊಂದಿಗೆ ಕೂತಿದ್ದರು. ಮೊದಲು ಏಲಕ್ಕಿಯ ಕಾಫಿ, ಖರ್ಜೂರ. ಕುಡಿದು ಮುಗಿಯುವವರೆಗೆ ವಿಷಯ ಎತ್ತುವ ಹಾಗಿಲ್ಲ. ಖಾಲಿ ಬಟ್ಟಲನ್ನು ಅಲ್ಲಾಡಿಸದಿದ್ದರೆ ಮತ್ತೆ ತುಂಬುತ್ತಾರೆ ಎಂದು ಗೊತ್ತಿಲ್ಲದೆ ನಾನು ಐದು ಬಟ್ಟಲು ಕುಡಿದೆ. ಭಾವ ಬೆವರುತ್ತಾ, ಮುರುಕು ಅರಬ್ಬಿಯಲ್ಲಿ, ಮಗು, ಕೆಟ್ಟ ಕಣ್ಣು, ಮೆಣಸಿನಕಾಯಿ, ಹೊಗೆ ಎಂದು ಒಂದೊಂದೇ ಪದ ಇಟ್ಟರು. ವೃದ್ಧರು ಕೇಳಿ ಕೇಳಿ ಗಂಭೀರರಾದರು. ಕೊನೆಗೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮಗುವಿಗೆ ವಾಸಿಯಾಯಿತೆ?

ಆಯಿತು ಅಂದೆ. ಅವರ ಅಜ್ಜಿ ಇದೇ ಕೆಲಸಕ್ಕೆ ಪಟಿಕದ ಹರಳು ಸುಡುತ್ತಿದ್ದರಂತೆ. ಮುಂದಿನ ಸಲ ಅದನ್ನು ಬಳಸಿ, ಅದೂ ಮೇಲಿನ ತಾರಸಿಯಲ್ಲಿ ಎಂದರು. ಕಾವಲುಗಾರನ ವಿಷಯ ಅವರಿಗೆ ತಿಳಿದೇ ಇರಲಿಲ್ಲ. ಕಂಪನಿಗೆ ಒಂದು ಮಾತು ಹೇಳುತ್ತೇನೆ, ಆದರೆ ಜನ ಬೇಡ ಎನ್ನುತ್ತಿದ್ದರೆ ಅವರಾದರೂ ಏನು ಮಾಡುತ್ತಾರೆ ಎಂದರು. ಜನರ ಬಾಯಿಗೆ ಮಾಲೀಕರೂ ಬೀಗ ಹಾಕಲಾರರು.

ಮನೆಗೆ ಬಂದು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಧ್ವನಿ ಸಂದೇಶ ಮಾಡಿದೆ. ಮೊದಲ ಸಲ ಸದ್ದು ಮಾಡದೆ ಅತ್ತೆ. ಎರಡನೇ ಸಲ ಗ್ರಂಥದ ಕನ್ನಡ ಬಂತು. ಮೂರನೇ ಸಲ, ಮೈದಾನದಲ್ಲಿ ಹುಡುಗಿಯರಿಗೆ ಹೇಳುವ ಹಾಗೆ ಹೇಳಿಬಿಟ್ಟೆ:

"ನಮಸ್ಕಾರ. ನಾನು ತುಮಕೂರಿನ ಶೈಲಾ. ಆವತ್ತು ಅಲಾರಂ ಯಾರೂ ಒತ್ತಿಲ್ಲ. ನಮ್ಮ ಮಗೂಗೆ ದೃಷ್ಟಿ ತೆಗೆದು ಏಳು ಮೆಣಸಿನಕಾಯಿ ಸುಟ್ಟೋಳು ನಾನು. ಬ್ಯಾಡಗಿ ಅಲ್ಲ, ಗುಂಟೂರು. ಹದಿನಾಲ್ಕು ಮಹಡಿ ಖಾಲಿಯಾಯ್ತು. ಆ ಗದ್ದಲದಲ್ಲಿ ಒಂದು ಮಗು ಅಮ್ಮನ ಕೈ ತಪ್ಪಿ ಮೆಟ್ಟಲಲ್ಲಿ ಅಳ್ತಿತ್ತು. ಅದನ್ನ ಎತ್ಕೊಂಡು ಕೆಳಗೆ ತಂದೋರ ಹೆಸರು ಒಕೆಲೊ. ನಾನು ಅವರ ಹಿಂದೇನೇ ಇಳಿದೆ, ನನ್ನ ಕಣ್ಣಾರೆ ನೋಡಿದೀನಿ. ಕಾಪಾಡ್ದೋರಿಗೆ ನಾವು ಹೊಡೆದ್ವಿ. ಆ ವಿಡಿಯೋ ನಿಮ್ಮ ಹತ್ರ ಇದ್ರೆ ಅಳಿಸಿ, ಇದನ್ನ ಕಳಿಸಿ. ಮೆಣಸಿನಕಾಯಿಗೆ ಬೈಯ್ಯೋದಿದ್ರೆ ನನಗೆ ಬೈಯ್ಯಿ."

ಬೈದರು. ಧಾರಾಳವಾಗಿ ಬೈದರು. ಗುಂಟೂರು ಯಾಕೆ, ಬ್ಯಾಡಗಿಯಾಗಿದ್ದರೆ ಬರೀ ಬಣ್ಣ ಬರುತ್ತಿತ್ತು ಎಂದು ಒಬ್ಬರು. ದೃಷ್ಟಿಗೆ ಉಪ್ಪು ಮುಖ್ಯ ಎಂದು ಇನ್ನೊಬ್ಬರು. ಆದರೆ ನಗುತ್ತಾ ನಗುತ್ತಾ ಮುಂದಕ್ಕೆ ಕಳಿಸಿದರು. ಸುಳ್ಳು ಹೆದರಿಕೆಯ ಬೆನ್ನೇರಿ ಓಡಿತ್ತು, ನಿಜಕ್ಕೆ ಏರಲು ನಗು ಸಿಕ್ಕಿತು. ವಂಜಿರುವಿನ ಗೆಳತಿಯರು ಅದಕ್ಕೆ ಇಂಗ್ಲಿಷು, ಅರಬ್ಬಿ, ಸ್ವಾಹಿಲಿಯ ಅಡಿಬರಹ ಹಾಕಿದರು. ಮುಖದ ಬದಲು ಪರದೆಯ ಮೇಲೆ ಇದ್ದದ್ದು ಒಂದು ಕೆಂಪು ಮೆಣಸಿನಕಾಯಿ ಮತ್ತು ಒಕೆಲೊನ ಹೆಸರು. ಕೊಂಕಣಿಗೆ, ಮಲಯಾಳಕ್ಕೆ ಯಾರು ಯಾರೋ ತಾವಾಗಿ ತಿರುಗಿಸಿ ಓದಿದರು. ಎಲ್ಲರೂ ನಂಬಲಿಲ್ಲ. ಈ ಹೆಂಗಸಿಗೆ ದುಡ್ಡು ಕೊಟ್ಟಿದ್ದಾರೆ ಅಂದವರಿದ್ದರು, ಕರಿಯರ ಪರ ಮಾತಾಡುವವಳನ್ನು ಅಲ್ಲಿಗೇ ಕಳಿಸಿ ಅಂದವರಿದ್ದರು. ಅದನ್ನೆಲ್ಲ ಓದಬೇಡ ಎಂದು ವಂಜಿರು ಮೊದಲೇ ಎಚ್ಚರಿಸಿದ್ದಳು. ಓದಿದೆ. ಆ ರಾತ್ರಿಯೂ ಕನ್ನಡಿ ಒಡೆಯಿತು.

ಒಂದು ಬಾಗಿಲು ಇನ್ನೂ ಮುಚ್ಚಿತ್ತು. ಐದನೇ ಮಹಡಿಯ ಸವಿತಾ. ಅವಳ ಗಂಡನೇ ಆ ತುಣುಕನ್ನು ಮೊದಲ ದಿನ ಹಂಚಿದವರಲ್ಲಿ ಒಬ್ಬ, ಹಾಗಾಗಿ ಅವಳ ಬಾಯಿ ಕಟ್ಟಿತ್ತು. ನಾನು ಕೇಳಲು ಹೋಗಲಿಲ್ಲ. ಗುರುವಾರ ಮಧ್ಯಾಹ್ನ ಅವಳೇ ಕೈಗೂಸನ್ನು ಎತ್ತಿಕೊಂಡು ಮೇಲೆ ಬಂದಳು. ಬಾಗಿಲಲ್ಲೇ ನಿಂತು, "ಮೇಡಂ, ಆವತ್ತು ಎತ್ಕೊಂಡು ಬಂದಿದ್ದು ನಮ್ಮೋರು ಯಾರಾದ್ರೂ ಆಗಿದ್ರೆ ನಾನು ಕಾಲಿಗೆ ಬೀಳ್ತಿದ್ದೆ ನೋಡ್ರಿ" ಅಂದಳು. ಒಳಗೆ ಬರಲಿಲ್ಲ. ಅರ್ಧ ಗಂಟೆಯ ನಂತರ ಕಟ್ಟಡದ ಗುಂಪಿನಲ್ಲಿ ಅವಳ ಒಂದೇ ಸಾಲು ಬಂತು. ಆ ಮಗು ನನ್ನದು, ಒಕೆಲೊ ಅವರು ನನ್ನ ಮಗನನ್ನು ನನಗೆ ತಂದುಕೊಟ್ಟರು. ಕೆಳಗೆ ಗಂಡನ ಹೆಸರನ್ನೂ ಹಾಕಿದ್ದಳು. ಅವನನ್ನು ಕೇಳಿ ಹಾಕಿದಳೋ ಕೇಳದೆಯೋ, ನನಗೆ ತಿಳಿಯದು.

ಸಮುದ್ರ ದಂಡೆ

ಇದು ಗೆಲುವಿನ ಕಥೆ ಎನ್ನಲಾರೆ. ಒಕೆಲೊನನ್ನು ಊರಿಗೆ ಕಳಿಸಲಿಲ್ಲ. ನಮ್ಮ ಕಟ್ಟಡಕ್ಕೆ ಮರಳಿ ಬಿಡಲೂ ಇಲ್ಲ. ನಗರದಾಚೆ ಎಲ್ಲೋ ಒಂದು ಗೋದಾಮಿನ ಕಾವಲಿಗೆ ಹಾಕಿದರು, ಅಲ್ಲಿ ಮಕ್ಕಳೂ ಇಲ್ಲ, ಗುಡ್ ಮಾರ್ನಿಂಗೂ ಇಲ್ಲ. ಆ ತುಣುಕು ಸತ್ತಿಲ್ಲ. ನಾಳೆ ಇನ್ನಾವುದೋ ಊರಿನ ಹೆಸರು ಹೊತ್ತು ಬರುತ್ತದೆ. ಬ್ಯಾಟಿನ ಹುಡುಗ ಲಿಫ್ಟಿನಲ್ಲಿ ಸಿಕ್ಕರೆ ನೆಲ ನೋಡುತ್ತಾನೆ.

ಆ ಗಲಾಟೆಯ ನಂತರದ ಎರಡನೆಯ ಶುಕ್ರವಾರ ಒಕೆಲೊನಿಗೆ ರಜೆ. ವಂಜಿರುವಿಗೂ ಮಧ್ಯಾಹ್ನ ಬಿಡುವು. ಅಬು ಹಲೀಫಾದ ದಂಡೆಯಲ್ಲಿ ಸಿಗುವುದೆಂದಾಯಿತು. ಅಕ್ಕ ಚಿತ್ರಾನ್ನ ಕಟ್ಟಿಕೊಂಡಳು. ಸವಿತಾ ಮಗನನ್ನು ಕರೆದುಕೊಂಡು ಬಂದಳು, ಅವಳ ಗಂಡ ಕಾರಿನಿಂದ ಇಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡ. ಇಳಿದ. ಒಕೆಲೊನ ಕೈ ಹಿಡಿದು ಕುಲುಕಿ, ಅವನ ತಟ್ಟೆಗೆ ಚಿತ್ರಾನ್ನ ಬಡಿಸತೊಡಗಿದ. ನಿಲ್ಲಿಸಲೇ ಇಲ್ಲ. ಸಾಕು ಎಂದು ಒಕೆಲೊ ಎರಡೂ ಕೈ ಅಡ್ಡ ಹಿಡಿಯಬೇಕಾಯಿತು.

ಹೊಸ ಜಾಗ ಹೇಗಿದೆ ಎಂದು ಕೇಳಿದೆ. ಅಡುಗೆಯವನು ಎಲ್ಲದಕ್ಕೂ ಜೀರಿಗೆ ಹಾಕುತ್ತಾನೆ ಎಂದ. ನಮಗೆ ಧನ್ಯವಾದ ಹೇಳಿದ, ಆದರೆ ಅವನ ಮುಖದಲ್ಲಿ ಇನ್ನೇನೋ ಇತ್ತು. ಚಿತ್ರಾನ್ನ ಮುಗಿದ ಮೇಲೆ ಹೇಳಿದ. ಆ ತುಣುಕು ಅವನ ಊರಿಗೂ ಹೋಗಿದೆ. ಯಾರೋ ಅವನ ತಾಯಿಗೆ ತೋರಿಸಿದ್ದಾರೆ. ಅವಳಿಗೆ ಓದಲು ಬರುವುದಿಲ್ಲ, ಅಡಿಬರಹವೂ ಗೊತ್ತಾಗುವುದಿಲ್ಲ. ಮಗನನ್ನು ಹೊಡೆಯುವುದು ಮಾತ್ರ ಕಾಣುತ್ತದೆ. ಅಂದಿನಿಂದ ಅವಳು ಕೇಳುತ್ತಿರುವುದು ಒಂದೇ: ಆ ಮಗುವಿನ ತಾಯಿ ಏನಂದಳು?

ಸವಿತಾ ಮರಳಿನಲ್ಲಿ ಕೂತಿದ್ದವಳು ಎದ್ದು ಸೆರಗು ಸರಿಮಾಡಿಕೊಂಡಳು. "ಫೋನ್ ಹಚ್ಚಿರಿ" ಅಂದಳು.

ಪರದೆಯ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹೆಂಗಸೊಬ್ಬಳು ಬಂದಳು. ತಲೆಗೆ ಹಳದಿ ವಸ್ತ್ರ, ಹಿಂದೆ ಕೋಳಿಗಳು. ಸವಿತಾ ಕೈ ಮುಗಿದಳು. ಹೇಳಲು ಸಿದ್ಧ ಮಾಡಿಕೊಂಡಿದ್ದ ಇಂಗ್ಲಿಷೆಲ್ಲ ಹೋಯಿತು. "ಅಮ್ಮಾ" ಎಂದಳು, ಅಷ್ಟೇ, ಮುಂದೆ ಅಳು. ಆಚೆಯವಳು ಫೋನನ್ನು ಮುಖದ ಹತ್ತಿರಕ್ಕೆ ತಂದಳು. ಆಮೇಲೆ ಬೆರಳು ಆಡಿಸಿ ಹುಡುಗನನ್ನು ತೋರಿಸಲು ಹೇಳಿದಳು. ಸವಿತಾ ಅವನನ್ನು ಫೋನಿನ ಮುಂದೆ ನಿಲ್ಲಿಸಿದಳು. ಬಾಯಿಯ ಸುತ್ತ ಚಿತ್ರಾನ್ನದ ಅರಿಸಿನ. ತಾಯಿ ಅವನನ್ನು ತಿರುಗು ಎಂದಳು, ಹಿಂದೆ ಮುಂದೆ ನೋಡಿದಳು, ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಅಂದಳು. ಒಕೆಲೊ ತಲೆ ತಗ್ಗಿಸಿದ. ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ.

"ಏನಂತೆ?" ಎಂದು ವಂಜಿರು ಕೇಳಿದಳು.

ಅವನು ನಗು ತಡೆದುಕೊಂಡು ಹೇಳಿದ. ಇಷ್ಟು ದಪ್ಪದ ಮಗುವನ್ನು ನಾಲ್ಕು ಮಹಡಿ ಇಳಿಸಿದೆಯಾ, ಮನೆಯಲ್ಲಿದ್ದಾಗ ಒಂದು ಕ್ಯಾನ್ ನೀರು ತಾ ಅಂದರೆ ಬೆನ್ನು ನೋವು ಅನ್ನುತ್ತಿದ್ದೆಯಲ್ಲ, ಎಂದು ಕೇಳುತ್ತಿದ್ದಾಳೆ.

ಸವಿತಾ ಅಳುವಿನ ನಡುವೆಯೇ ನಕ್ಕುಬಿಟ್ಟಳು. ಫೋನಿನೊಳಗೆ ಆ ತಾಯಿಯೂ, ಹಲ್ಲಿಲ್ಲದ ಬಾಯಿ ತೆರೆದು.

ಅಂದು ಮನೆಗೆ ಬಂದು ಉಂಡು ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಅಕ್ಕ ಯಾವಾಗಲೋ ತಂದಿಟ್ಟು ಹೋದ ಕಾಫಿ ಪಕ್ಕದಲ್ಲಿ ತಣ್ಣಗಾಗಿ ಕೆನೆ ಕಟ್ಟಿತ್ತು. ಶನಿವಾರ. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ.